ಅಂಗಳದ ಲಿಲಿ ಬೇರೆ, ಔಷಧದ ಲಿಲಿ ಬೇರೆ

ಪ್ರಶ್ನೆ: ನಾವು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಸಿಂಗಪುರದಲ್ಲಿರುವ ಮಗಳು ಈ ಸಲ ಊರಿಗೆ ಬರುವಾಗ ಒಣಗಿಸಿದ ಲಿಲಿ ಗಡ್ಡೆಯ ಒಂದು ಪೊಟ್ಟಣ ತಂದಿದ್ದಾಳೆ. ಅಲ್ಲಿನ ಚೀನೀ ಮನೆಗಳಲ್ಲಿ ಇದನ್ನು ಕೆಮ್ಮಿಗೂ ನಿದ್ರೆ ಬಾರದಿರುವುದಕ್ಕೂ ಬಳಸುತ್ತಾರಂತೆ. ನಮ್ಮ ಯಜಮಾನರಿಗೆ ಒಂದೂವರೆ ತಿಂಗಳಿಂದ ಒಣಕೆಮ್ಮು ಇದೆ. ನಮ್ಮ ಅಂಗಳದಲ್ಲಿ ಬಿಳಿ, ಕೆಂಪು, ಗುಲಾಬಿ ಬಣ್ಣದ ಲಿಲಿಗಳು ಬೇಕಾದಷ್ಟಿವೆ, ಬೇಲಿಯ ಮೇಲೆ ಗೌರಿ ಹೂವಿನ ಬಳ್ಳಿಯೂ ಇದೆ. ಈ ಗಡ್ಡೆಗಳನ್ನೇ ಒಣಗಿಸಿ ಬಳಸಬಹುದೇ? ಅರ್ಧ ಎಕರೆಯಲ್ಲಿ ಔಷಧದ ಲಿಲಿ ಬೆಳೆದರೆ ಲಾಭವಿದೆಯೇ? ಬೆಳೆಯುವ ಕ್ರಮ ಹೇಗೆ?

ಉತ್ತರ: ಉಳಿದದ್ದನ್ನು ನಿಧಾನವಾಗಿ ಓದಿ, ಆದರೆ ಈ ಮಾತನ್ನು ಈಗಲೇ ಮನೆಯವರಿಗೆಲ್ಲ ಹೇಳಿಬಿಡಿ. ನಿಮ್ಮ ಅಂಗಳದ ಯಾವ ಲಿಲಿಯ ಗಡ್ಡೆಯನ್ನೂ ಹಸಿಯಾಗಿ, ಬೇಯಿಸಿ ಅಥವಾ ಒಣಗಿಸಿ ತಿನ್ನಬಾರದು. ಬೇಲಿಯ ಗೌರಿ ಹೂವಿನ ಗಡ್ಡೆಯಂತೂ ಜೀವ ತೆಗೆಯುವ ವಿಷ.

ಮಲೆನಾಡಿನ ಅಂಗಳಗಳಲ್ಲಿ ಲಿಲಿ ಎಂದು ಕರೆಯಿಸಿಕೊಳ್ಳುವ ಗಿಡಗಳಲ್ಲಿ ಬಹುತೇಕ ಯಾವುದೂ ಚೀನೀಯರು ತಿನ್ನುವ ಲಿಲಿಯ ಕುಲಕ್ಕೆ ಸೇರಿದ್ದಲ್ಲ. ನೀವು ಬರೆದ ಬಣ್ಣಗಳನ್ನು ನೋಡಿದರೆ, ಬಿಳಿಯದು ಸ್ಪೈಡರ್ ಲಿಲಿ ಅಥವಾ ಕ್ರೈನಮ್ ಇರಬೇಕು. ದೊಡ್ಡ ಕಹಳೆಯಂಥ ಕೆಂಪು ಹೂವಿನದು ಹಿಪಿಯಾಸ್ಟ್ರಮ್, ಮೊದಲ ಮಳೆ ಬಿದ್ದೊಡನೆ ನೆಲದಿಂದ ಎದ್ದು ಅರಳುವ ಗುಲಾಬಿಯದು ಮಳೆ ಲಿಲಿ. ಇವೆಲ್ಲ ಅಮರಿಲ್ಲಿಸ್ ಕುಟುಂಬದವು. ಇವುಗಳ ಗಡ್ಡೆಯಲ್ಲಿ ಲೈಕೋರಿನ್ ಎಂಬ ಕ್ಷಾರಾಭವೂ (ಆಲ್ಕಲಾಯ್ಡ್ ಎಂಬ ಸಸ್ಯಜನ್ಯ ರಾಸಾಯನಿಕ) ಅದರ ಜೊತೆಗೆ ಅದೇ ಗುಂಪಿನ ಬೇರೆ ಕ್ಷಾರಾಭಗಳೂ ಇರುತ್ತವೆ. ತಿಂದರೆ ವಿಪರೀತ ವಾಂತಿ, ಹೊಟ್ಟೆನೋವು, ಭೇದಿ ಉಂಟಾಗುತ್ತವೆ. ಬೇಯಿಸಿದರೆ ವಿಷ ಇಳಿಯುತ್ತದೆ ಎಂದು ನಂಬಿ ಕೈ ಹಾಕುವಂತಿಲ್ಲ.

ಗೌರಿ ಹೂವು, ಅಂದರೆ ಅಗ್ನಿಶಿಖೆ, ಇವುಗಳಿಗಿಂತ ಹಲವು ಪಟ್ಟು ಅಪಾಯಕಾರಿ. ಅದು ತಮಿಳುನಾಡಿನ ರಾಜ್ಯಪುಷ್ಪ. ಒಟ್ಟಂಛತ್ರಂ, ಧಾರಾಪುರಂ ಸುತ್ತಿನ ಒಣಭೂಮಿಯಲ್ಲಿ ರೈತರು ಅದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಬೀಜದಿಂದ ತೆಗೆಯುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಒಳ್ಳೆಯ ಔಷಧ. ಆದರೆ ಅದನ್ನು ಕಾರ್ಖಾನೆಯಲ್ಲಿ ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಮಾತ್ರೆ ಮಾಡುತ್ತಾರೆ. ಅದರ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಗಡ್ಡೆಯಲ್ಲಿ ಎಷ್ಟಿದೆ ಎಂದು ಮನೆಯಲ್ಲಿ ಅಳೆಯುವ ಉಪಾಯವೇ ಇಲ್ಲ. ಶ್ರೀಲಂಕಾದಲ್ಲೂ ದಕ್ಷಿಣ ಭಾರತದಲ್ಲೂ ಇದನ್ನು ಗೆಣಸೆಂದು ತಿಳಿದು ಬೇಯಿಸಿ ತಿಂದು ಸತ್ತವರಿದ್ದಾರೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ-ಭೇದಿ ಆರಂಭವಾಗುತ್ತದೆ. ಆಮೇಲಿನ ದಿನಗಳಲ್ಲಿ ಮೂತ್ರಪಿಂಡ, ಹೃದಯ, ಮೂಳೆಮಜ್ಜೆ ಸೋಲುತ್ತವೆ. ಬದುಕಿ ಉಳಿದವರಿಗೂ ಒಂದೆರಡು ವಾರಗಳಲ್ಲಿ ತಲೆಗೂದಲು ಉದುರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಪ್ರತಿವಿಷ ದೊರೆಯುವುದಿಲ್ಲ. ಯಾರಾದರೂ ತಿಂದರೆಂದು ಗೊತ್ತಾದರೆ, ಲಕ್ಷಣಕ್ಕಾಗಿ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಗಡ್ಡೆಯ ತುಂಡೊಂದನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಸಹಾಯವಾಗುತ್ತದೆ.

ಹಾಗಾದರೆ ತಿನ್ನುವ ಲಿಲಿಯನ್ನು ಗುರುತಿಸುವುದು ಹೇಗೆ? ಅದು ಲಿಲಿಯಮ್ ಎಂಬ ಕುಲದ ಗಿಡ. ನೆಟ್ಟಗೆ ನಿಂತ ಒಂಟಿ ಕಾಂಡ ಇರುತ್ತದೆ, ಕಾಂಡದ ಉದ್ದಕ್ಕೂ ಎಲೆಗಳು ಇರುತ್ತವೆ. ನಿಮ್ಮ ಅಂಗಳದ ಲಿಲಿಗಳಲ್ಲಿ ಎಲೆಗಳೆಲ್ಲ ಬುಡದಿಂದಲೇ ಹೊರಟು, ಹೂವಿನ ದಂಟು ಬರಿದಾಗಿರುತ್ತದೆ. ಅಗೆದು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ. ಅಮರಿಲ್ಲಿಸ್ ಕುಟುಂಬದ ಗಡ್ಡೆಗೆ ಈರುಳ್ಳಿಯಂತೆ ಹೊರಗೊಂದು ಕಾಗದದಂಥ ಸಿಪ್ಪೆ, ಒಳಗೆ ಸುತ್ತುಸುತ್ತಾದ ಪದರಗಳು. ಲಿಲಿಯಮ್ ಗಡ್ಡೆಗೆ ಹೊರಸಿಪ್ಪೆಯೇ ಇಲ್ಲ. ದಪ್ಪನೆಯ ಬಿಳಿ ಎಸಳುಗಳು ಒಂದರ ಮೇಲೊಂದು ಒರಗಿಕೊಂಡಿರುತ್ತವೆ, ಬುಡದಿಂದ ಒಂದೊಂದನ್ನೇ ಮುರಿದು ತೆಗೆಯಬಹುದು. ಮಗಳು ತಂದ ಪೊಟ್ಟಣದಲ್ಲಿರುವುದು ಅಂಥ ಬಿಡಿ ಎಸಳುಗಳು. ಈ ಗುರುತುಗಳನ್ನು ಬೇಡದ್ದನ್ನು ದೂರವಿಡುವುದಕ್ಕೆ ಮಾತ್ರ ಬಳಸಿ. ಇಷ್ಟನ್ನೇ ನಂಬಿ ಅಗೆದು ತಿನ್ನುವುದಕ್ಕೆ ಬಳಸಬೇಡಿ. ಲಿಲಿಯಮ್ ಕುಲದಲ್ಲಿ ನೂರರ ಆಸುಪಾಸಿನಷ್ಟು ಪ್ರಭೇದಗಳಿವೆ, ಆಹಾರವಾಗಿ ರೂಢಿಯಲ್ಲಿರುವುದು ಅವುಗಳಲ್ಲಿ ಕೆಲವೇ ಕೆಲವು.

ಇನ್ನು ನಿಮ್ಮ ಯಜಮಾನರ ಕೆಮ್ಮಿನ ವಿಷಯ. ಲಿಲಿ ಗಡ್ಡೆಯ ಗುಣದೋಷಕ್ಕಿಂತ ನನಗೆ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಎರಡು ವಾರ ಮೀರಿದ ಕೆಮ್ಮು ಯಾವುದೇ ಇರಲಿ, ಕ್ಷಯರೋಗದ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ದೇಶದ ಆರೋಗ್ಯ ಇಲಾಖೆಯ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ. ಎನಾಲಾಪ್ರಿಲ್, ರಾಮಿಪ್ರಿಲ್ ಗುಂಪಿನ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದೇ ಮಾತ್ರೆಯಿಂದ ತಿಂಗಳುಗಟ್ಟಲೆ ಒಣಕೆಮ್ಮು ಬರಬಹುದು. ವೈದ್ಯರು ಮಾತ್ರೆ ಬದಲಿಸಿದರೆ ಕೆಮ್ಮು ತಾನಾಗಿ ನಿಲ್ಲುತ್ತದೆ, ಆದರೆ ಅವರನ್ನು ಕೇಳದೆ ನೀವೇ ನಿಲ್ಲಿಸಬೇಡಿ. ಆಮ್ಲೀಯತೆ, ಆಸ್ತಮಾ, ತೋಟದಲ್ಲಿ ಔಷಧ ಸಿಂಪಡಿಸುವಾಗ ಮೂಗಿಗೆ ಬಟ್ಟೆ ಕಟ್ಟದಿರುವುದು ಕೂಡ ಕಾರಣವಾಗಬಹುದು. ಕಾರಣ ತಿಳಿಯದೆ ಮನೆಮದ್ದಿನಲ್ಲಿ ವಾರಗಳನ್ನು ಕಳೆದರೆ ಗುಣವಾಗುವ ಕಾಯಿಲೆಯೂ ಬಲಿತುಬಿಡುತ್ತದೆ. ಈ ವಾರದಲ್ಲೇ ಹೋಗಿ ತೋರಿಸಿ.

ಈಗ ಲಿಲಿ ಗಡ್ಡೆಯ ಔಷಧಗುಣಕ್ಕೆ ಬರೋಣ. ಚೀನಾದಲ್ಲಿ ಇದಕ್ಕೆ ಬಾಯ್‌ಹೆ ಎನ್ನುತ್ತಾರೆ. ಅಲ್ಲಿನ ಅತ್ಯಂತ ಹಳೆಯ ಮೂಲಿಕಾ ಗ್ರಂಥದಲ್ಲೇ ಇದರ ಹೆಸರಿದೆ. ಕ್ರಿ.ಶ. 200ರ ಸುಮಾರಿನಲ್ಲಿದ್ದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಒಂದು ವಿಚಿತ್ರ ಕಾಯಿಲೆಯನ್ನು ವರ್ಣಿಸಿ, ಅದಕ್ಕೆ ಈ ಗಡ್ಡೆಯ ಹೆಸರನ್ನೇ ಇಟ್ಟಿದ್ದಾನೆ. ಆ ರೋಗಿಗೆ ಉಣ್ಣಬೇಕೆನಿಸುತ್ತದೆ, ಆದರೆ ಉಣ್ಣಲಾಗುವುದಿಲ್ಲ. ಮಲಗಬೇಕೆನಿಸುತ್ತದೆ, ಮಲಗಲಾಗುವುದಿಲ್ಲ. ನಡೆಯಬೇಕೆನಿಸಿದರೂ ನಡೆಯಲಾಗುವುದಿಲ್ಲ. ಬಾಯಿ ಕಹಿ, ಮೂತ್ರ ಕೆಂಪು, ಹೊರಗಿನಿಂದ ನೋಡಿದರೆ ಮನುಷ್ಯ ಸರಿಯಾಗಿಯೇ ಇದ್ದಾನೆ. ದೊಡ್ಡ ಜ್ವರದ ನಂತರ ದೇಹವೂ ಮನಸ್ಸೂ ಬಸವಳಿದ ಸ್ಥಿತಿ ಇದಿರಬಹುದೆಂದು ಓದಿದವರಿಗೆ ಅನ್ನಿಸುತ್ತದೆ. ಚಿಕಿತ್ಸೆಯ ವಿವರವೂ ಸೊಗಸಾಗಿದೆ. ಏಳು ಲಿಲಿ ಗಡ್ಡೆಗಳ ಎಸಳು ಬಿಡಿಸಿ ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು. ಬಿಳಿ ನೊರೆ ಬಂದ ಮೇಲೆ ಆ ನೀರನ್ನು ಚೆಲ್ಲಿ, ಒರತೆಯ ನೀರಿನಲ್ಲಿ ಕುದಿಸಿ, ಇನ್ನೊಂದು ಮೂಲಿಕೆಯ ಕಷಾಯದೊಂದಿಗೆ ಸೇರಿಸಬೇಕು. ನೊರೆಗೆ ಕಾರಣ ಗಡ್ಡೆಯಲ್ಲಿರುವ, ಸಾಬೂನಿನಂತೆ ನೊರೆ ಬರಿಸುವ ಸಪೋನಿನ್‌ಗಳೆಂದು ಇಂದಿನ ರಸಾಯನಶಾಸ್ತ್ರದಿಂದ ಊಹಿಸಬಹುದು. ನೆನೆಸಿದ ನೀರನ್ನು ಚೆಲ್ಲುವ ಆ ಹಳೆಯ ಕ್ರಮವನ್ನು ನಾನೂ ಶಿಫಾರಸು ಮಾಡುತ್ತೇನೆ.

ಇಂದಿನ ಚೀನೀ ಔಷಧ ಸಂಹಿತೆ ಬಾಯ್‌ಹೆ ಎಂಬ ಹೆಸರಿನಡಿ ಮೂರೇ ಗಿಡಗಳನ್ನು ಒಪ್ಪುತ್ತದೆ. ಕಪ್ಪು ಚುಕ್ಕೆಯ ಕಿತ್ತಳೆ ಹೂವಿನ ಹುಲಿ ಲಿಲಿ, ಅಂದರೆ ಲಿಲಿಯಮ್ ಲ್ಯಾನ್ಸಿಫೋಲಿಯಮ್. ಬಿಳಿ ಹೂವಿನ ಲಿಲಿಯಮ್ ಬ್ರೌನಿಯೈನ ಒಂದು ತಳಿ. ಪುಟ್ಟ ಕೆಂಪು ಹೂವಿನ ಲಿಲಿಯಮ್ ಪ್ಯುಮಿಲಮ್. ದಿನಕ್ಕೆ 6ರಿಂದ 12 ಗ್ರಾಂ ಒಣ ಗಡ್ಡೆ ಕಷಾಯದ ಪ್ರಮಾಣ. ರುಚಿಯಲ್ಲಿ ಸಿಹಿ, ಗುಣದಲ್ಲಿ ತಂಪು ಎಂದು ಅವರ ಶಾಸ್ತ್ರ ಹೇಳುತ್ತದೆ. ಕಫವಿಲ್ಲದ ಒಣಕೆಮ್ಮು, ಗಂಟಲ ಶೋಷ, ಕಾಯಿಲೆಯ ನಂತರದ ತಳಮಳ, ಕನಸು ತುಂಬಿದ ಅರೆನಿದ್ರೆ ಇವುಗಳಿಗೆ ಬಳಕೆ. ಶೀತದಿಂದ ಬಂದ ಕಫದ ಕೆಮ್ಮಿಗೂ, ಹೊಟ್ಟೆ ಸಡಿಲವಾಗಿರುವಾಗಲೂ ಕೊಡಬಾರದೆಂದು ಅದೇ ಶಾಸ್ತ್ರ ಎಚ್ಚರಿಸುತ್ತದೆ. ಹೆಚ್ಚಿನ ಪಾಕಗಳಲ್ಲಿ ಲಿಲಿ ಒಂಟಿಯಾಗಿರುವುದಿಲ್ಲ, ನಾಲ್ಕಾರು ಮೂಲಿಕೆಗಳ ಜೊತೆಗಿರುತ್ತದೆ. ಒಂದು ಗಡ್ಡೆ ಒಂದು ರೋಗವನ್ನು ಗುಣಪಡಿಸುತ್ತದೆ ಎಂದು ಆ ಪರಂಪರೆಯ ವೈದ್ಯರೂ ಹೇಳಿಕೊಳ್ಳುವುದಿಲ್ಲ.

ಪ್ರಯೋಗಾಲಯದ ಕೆಲಸ ಸಾಕಷ್ಟು ನಡೆದಿದೆ. ಗಡ್ಡೆಯಲ್ಲಿ ಪಿಷ್ಟದ ಜೊತೆಗೆ ಗ್ಲುಕೋಮನ್ನಾನ್ ಜಾತಿಯ ಲೋಳೆಯಂಥ ಬಹುಶರ್ಕರಗಳು, ಸ್ಟೆರಾಯ್ಡ್ ಸಪೋನಿನ್‌ಗಳು, ರೆಗಲೊಸೈಡ್ ಎಂಬ ಫಿನಾಲಿಕ್ ಸಂಯುಕ್ತಗಳು, ಪೊಟ್ಯಾಸಿಯಂ ಇವೆ. ಬೇಯಿಸಿದ ನೀರಿನ ಲೋಳೆ ಕೆರೆಯುವ ಗಂಟಲಿಗೆ ಹಿತವೆನಿಸಿದರೆ ಆಶ್ಚರ್ಯವೇನಿಲ್ಲ. ಇಲಿಗಳಲ್ಲಿ ಕೆಮ್ಮು ತಗ್ಗಿಸಿದ, ನಿದ್ರೆ ಹೆಚ್ಚಿಸಿದ, ಉರಿಯೂತ ಇಳಿಸಿದ ವರದಿಗಳಿವೆ. ಆದರೆ ಮನುಷ್ಯರ ಮೇಲಿನ, ಎಚ್ಚರದಿಂದ ಹೋಲಿಕೆ ಮಾಡಿದ ದೊಡ್ಡ ಪರೀಕ್ಷೆಗಳ ಆಧಾರ ತೆಳುವಾಗಿದೆ. ಆದ್ದರಿಂದ ನನ್ನ ತೀರ್ಮಾನ ಇದು: ಸರಿಯಾದ ಪ್ರಭೇದದ, ಶುದ್ಧವಾದ ಲಿಲಿ ಗಡ್ಡೆ ಒಳ್ಳೆಯ ಪಥ್ಯದ ಆಹಾರ. ಅದನ್ನು ಚಿಕಿತ್ಸೆಯ ಬದಲಿಗೆ ನಿಲ್ಲಿಸಬಾರದು. ಚೀನಾದ ಆರೋಗ್ಯ ಸಚಿವಾಲಯವೇ 2002ರಲ್ಲಿ ಹೊರಡಿಸಿದ, ಆಹಾರವೂ ಔಷಧವೂ ಆದ ಪದಾರ್ಥಗಳ ಪಟ್ಟಿಯಲ್ಲಿ ಇದೂ ಇದೆ, ಅದರ ಸ್ಥಾನಕ್ಕೆ ಅದು ತಕ್ಕ ವಿವರಣೆ.

ಆಹಾರವಾಗಿ ಅದರ ಕೀರ್ತಿ ಇರುವುದು ಬೇರೊಂದು ಪ್ರಭೇದದಲ್ಲಿ. ವಾಯವ್ಯ ಚೀನಾದ ಗಾನ್ಸು ಪ್ರಾಂತ್ಯದ ಲಾಂಝೌ ನಗರದ ದಕ್ಷಿಣಕ್ಕೆ, ಚಿಲಿಹೆ ಜಿಲ್ಲೆಯ ಗುಡ್ಡಗಳಲ್ಲಿ ಲಿಲಿಯಮ್ ಡೇವಿಡಿಯೈನ ಒಂದು ತಳಿಯನ್ನು ಬೆಳೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರ, ಗಾಳಿ ತಂದು ಹಾಕಿದ ಹಳದಿ ಮೆಕ್ಕಲಿನ ಆಳವಾದ ಮಣ್ಣು, ನೀರು ನಿಲ್ಲದ ಇಳಿಜಾರು. ಲಾಂಝೌ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 300 ಮಿಲಿಮೀಟರ್, ಗುಡ್ಡಗಳಲ್ಲಿ ಸ್ವಲ್ಪ ಹೆಚ್ಚು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಮರಿಗಡ್ಡೆಯನ್ನು ನಾಟಿಗೆ ಬರುವಷ್ಟು ಬೆಳೆಸಲು ಎರಡು-ಮೂರು ವರ್ಷ, ನೆಟ್ಟ ಮೇಲೆ ಕೀಳುವಷ್ಟು ದೊಡ್ಡದಾಗಲು ಮತ್ತೆ ಮೂರು ವರ್ಷ ಬೇಕು. ಒಂದು ಗಡ್ಡೆ ಊಟದ ತಟ್ಟೆಗೆ ಬರುವ ಹೊತ್ತಿಗೆ ಆರು ವರ್ಷವೋ ಇನ್ನೂ ಹೆಚ್ಚೋ ಆಗಿರುತ್ತದೆ. ಆಮೇಲೆ ಆ ಹೊಲಕ್ಕೆ ಹಲವು ವರ್ಷ ಬೇರೆ ಬೆಳೆ ಹಾಕಲೇಬೇಕು, ಇಲ್ಲವಾದರೆ ಮಣ್ಣಿನಲ್ಲಿ ಫ್ಯುಸೇರಿಯಮ್ ಶಿಲೀಂಧ್ರ ಹೆಚ್ಚಿ ಮುಂದಿನ ಗಡ್ಡೆಗಳೆಲ್ಲ ಬುಡದಿಂದ ಕೊಳೆಯುತ್ತವೆ. ಲಾಂಝೌ ಗಡ್ಡೆ ಸಿಹಿಯಾಗಿರುವುದರಿಂದ ತರಕಾರಿಯಾಗಿ ಸಲ್ಲುತ್ತದೆ. ಸೆಲರಿ ದಂಟಿನೊಂದಿಗೆ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸುತ್ತಾರೆ, ತಾವರೆ ಬೀಜದೊಂದಿಗೆ ಪಾಯಸ ಮಾಡುತ್ತಾರೆ. ಜಿಯಾಂಗ್ಸುವಿನ ಯಿಷಿಂಗ್, ಹುನಾನಿನ ಲೊಂಗ್‌ಷಾನ್ ಕಡೆಯ ಹುಲಿ ಲಿಲಿಗೆ ಸ್ವಲ್ಪ ಕಹಿ ಇರುತ್ತದೆ. ಔಷಧದ ಅಂಗಡಿಗೆ ಹೆಚ್ಚಾಗಿ ಹೋಗುವುದು ಅದು. ಜಪಾನಿನಲ್ಲೂ ಇದಕ್ಕೆ ಮರ್ಯಾದೆಯ ಸ್ಥಾನವಿದೆ. ಅಲ್ಲಿ ಬಹುಪಾಲು ಬೆಳೆ ಹೊಕ್ಕೈಡೋ ದ್ವೀಪದ್ದು, ಮಕ್ಕರಿ ಎಂಬ ಹಳ್ಳಿ ಇದಕ್ಕೇ ಹೆಸರುವಾಸಿ. ಚಳಿಗಾಲದ ಹಬ್ಬದೂಟದಲ್ಲಿ, ಹಬೆಯಲ್ಲಿ ಬೆಂದ ಮೊಟ್ಟೆಯ ಖಾದ್ಯದಲ್ಲಿ ಈ ಎಸಳುಗಳು ಇರುತ್ತವೆ.

ನಮ್ಮ ವೈದ್ಯದಲ್ಲಿ ಲಿಲಿ ಇಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ. ಆಯುರ್ವೇದದಲ್ಲಿ ಅಷ್ಟವರ್ಗ ಎಂಬ ಎಂಟು ಮೂಲಿಕೆಗಳ ಗುಂಪಿನಲ್ಲಿ ಬರುವ ಕ್ಷೀರಕಾಕೋಲಿಯನ್ನು ವಿದ್ವಾಂಸರು ಪಶ್ಚಿಮ ಹಿಮಾಲಯದ ಲಿಲಿಯಮ್ ಪಾಲಿಫಿಲ್ಲಮ್ ಎಂದು ಗುರುತಿಸುತ್ತಾರೆ. ಚ್ಯವನಪ್ರಾಶದ ಮೂಲಪಾಕದಲ್ಲಿ ಅಷ್ಟವರ್ಗಕ್ಕೆ ಸ್ಥಾನವಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ಭಾವಪ್ರಕಾಶದಲ್ಲಿ, ಅಷ್ಟವರ್ಗ ರಾಜರಿಗೂ ದುರ್ಲಭವಾಗಿದೆ, ಆದ್ದರಿಂದ ವೈದ್ಯನು ಅದೇ ಗುಣದ ಬದಲಿ ಮೂಲಿಕೆಯನ್ನು ತೆಗೆದುಕೊಳ್ಳಬೇಕು ಎಂದು ಬರೆದ. ಕಾಕೋಲಿ, ಕ್ಷೀರಕಾಕೋಲಿಗಳ ಬದಲಿಗೆ ಅವನು ಹೇಳಿದ್ದು ಅಶ್ವಗಂಧ. ಮೇದಾ, ಮಹಾಮೇದಾಗಳ ಬದಲಿಗೆ ಶತಾವರಿ. ನಾಲ್ಕು ನೂರು ವರ್ಷಗಳ ಹಿಂದೆಯೇ ಅಪರೂಪವಾಗಿದ್ದ ಆ ಲಿಲಿ ಇಂದು ತೀವ್ರ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಗಡ್ಡೆ ಕಿತ್ತರೆ ಗಿಡವೇ ಹೋಯಿತು. ಬೀಜದಿಂದ ಮತ್ತೆ ಹೂಬಿಡುವ ಗಿಡವಾಗಲು ಹಲವು ವರ್ಷ ಬೇಕು. ಮೂಲಿಕೆ ಸಂಗ್ರಹಿಸುವವರು ಬೀಜ ಬಲಿಯುವ ಮೊದಲೇ ಅಗೆದುಕೊಂಡು ಬಂದರೆ ಆ ಗುಡ್ಡದಲ್ಲಿ ಮುಂದಿನ ಪೀಳಿಗೆಯೇ ಇರುವುದಿಲ್ಲ. ಯಾರಾದರೂ ನಿಮಗೆ ಅಸಲಿ ಕ್ಷೀರಕಾಕೋಲಿ ಎಂದು ಮಾರಲು ಬಂದರೆ, ಅದು ಸುಳ್ಳಾದರೂ ಕೊಳ್ಳಬೇಡಿ, ನಿಜವಾದರೂ ಕೊಳ್ಳಬೇಡಿ.

ದಕ್ಷಿಣ ಭಾರತಕ್ಕೂ ತನ್ನದೇ ಆದ ಒಂದು ನಿಜವಾದ ಲಿಲಿ ಇದೆ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಅರಳುವ, ಉದ್ದನೆಯ ಬಿಳಿ ಕಹಳೆಯಂಥ ಹೂವಿನ ನೀಲಗಿರಿ ಲಿಲಿ. ಇಡೀ ಕುಲದಲ್ಲಿ ಸಮಭಾಜಕ ವೃತ್ತಕ್ಕೆ ತೀರ ಹತ್ತಿರ ಬಂದ ಲಿಲಿಗಳಲ್ಲಿ ಅದೂ ಒಂದು. ಹುಲ್ಲುಗಾವಲುಗಳು ನೀಲಗಿರಿ ಮರದ ತೋಪುಗಳಾಗಿ, ಚಹಾ ತೋಟಗಳಾಗಿ ಬದಲಾದಂತೆ ಅದರ ನೆಲೆ ಕುಗ್ಗಿದೆ. ಅದನ್ನು ನೋಡಿ ಸಂತೋಷಪಡಬೇಕೇ ಹೊರತು ಅಗೆಯಬಾರದು.

ಅರ್ಧ ಎಕರೆಯ ಪ್ರಶ್ನೆಗೆ ನನ್ನ ನೇರ ಉತ್ತರ: ಬೇಡ. ಲಿಲಿಯಮ್ ಗಡ್ಡೆಗೆ ಒಂದು ಚಳಿಗಾಲ ಬೇಕು. ಎರಡು ತಿಂಗಳಾದರೂ 2ರಿಂದ 5 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಳೆಯದಿದ್ದರೆ ಮರುವರ್ಷ ಅದು ಸರಿಯಾಗಿ ಚಿಗುರುವುದಿಲ್ಲ, ಚಿಗುರಿದರೂ ಸೊರಗುತ್ತದೆ. ನಿಮ್ಮ ಊರು ಸುಮಾರು ಸಾವಿರ ಮೀಟರ್ ಎತ್ತರದಲ್ಲಿದ್ದರೂ ಜನವರಿಯ ರಾತ್ರಿಗಳು ಅಷ್ಟು ತಣ್ಣಗಾಗುವುದಿಲ್ಲ. ಪ್ರತಿವರ್ಷ ಗಡ್ಡೆ ಕಿತ್ತು ಶೀತಲಗೃಹದಲ್ಲಿ ಇಡಬೇಕಾಗುತ್ತದೆ. ಎರಡನೆಯ ಶತ್ರು ನಿಮ್ಮ ಮಳೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಗಡ್ಡೆ ನೆಲದಲ್ಲಿದ್ದರೆ ಕೊಳೆಯುತ್ತದೆ. ಹುನಾನ್, ಜಿಯಾಂಗ್ಸಿ ಪ್ರಾಂತ್ಯಗಳಲ್ಲೂ ಮಳೆ ಹೆಚ್ಚು ಎಂಬುದು ನಿಜ. ಆದರೆ ಅಲ್ಲಿ ಚಳಿಗಾಲವೂ ಇದೆ, ಶತಮಾನಗಳಿಂದ ಆ ಹವೆಗೆ ಒಗ್ಗಿದ ತಳಿಗಳೂ ಇವೆ. ಮೂರನೆಯದು, ನಮ್ಮಲ್ಲಿ ಇದಕ್ಕೆ ಸಿದ್ಧ ಮಾರುಕಟ್ಟೆಯಿಲ್ಲ. ಕಾಫಿ, ಮೆಣಸಿನಂತೆ ಕೊಯ್ದು ಅಂಗಡಿಗೆ ಹಾಕುವ ಬೆಳೆ ಇದಲ್ಲ. ವರ್ಷಗಟ್ಟಲೆ ದುಡಿದು ಬೆಳೆದದ್ದನ್ನು ಯಾರಿಗೆ ಮಾರಬೇಕೆಂದು ಗೊತ್ತಿಲ್ಲದೆ ಕೂರುವ ಸ್ಥಿತಿ ನಿಮಗೆ ಬರಬಾರದು.

ಬೆಂಗಳೂರಿನ ಸುತ್ತ ಪಾಲಿಹೌಸ್‌ಗಳಲ್ಲಿ ಲಿಲಿ ಬೆಳೆಯುತ್ತಾರಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಅದು ಮಾರಾಟದ ಹೂವಿಗಾಗಿ. ಗಡ್ಡೆಗಳು ನೆದರ್ಲ್ಯಾಂಡ್ಸ್‌ನಿಂದ ತಂಪು ಪೆಟ್ಟಿಗೆಯಲ್ಲಿ ಬರುತ್ತವೆ, ಅವು ಸಂಕರ ತಳಿಗಳು. ಹೂವಿಗಾಗಿ ಮಾರುವ ಗಡ್ಡೆಗಳನ್ನು ಶಿಲೀಂಧ್ರನಾಶಕದಲ್ಲಿ ಅದ್ದಿರುತ್ತಾರೆ. ಆದ್ದರಿಂದ ನರ್ಸರಿಯಲ್ಲಿ ಅಸಲಿ ಲಿಲಿಯಮ್ ಗಡ್ಡೆಯೇ ಸಿಕ್ಕಿದರೂ ಅದನ್ನು ನೆಟ್ಟು ಹೂ ನೋಡಬಹುದು, ಸಾರಿಗೆ ಹಾಕುವಂತಿಲ್ಲ. ಮಗಳ ಮೂಲಕ ಸಿಂಗಪುರದ ಮಾರುಕಟ್ಟೆಯ ತಾಜಾ ಗಡ್ಡೆ ತರಿಸಿ ನೆಡುವ ಯೋಚನೆ ಇದ್ದರೆ ಅದನ್ನೂ ಬಿಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ನೆಡುವ ಗಡ್ಡೆಗಳನ್ನು ತರಲು ಆಮದು ಅನುಮತಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಈ ನಿಯಮಕ್ಕೆ ತಕ್ಕ ಕಾರಣವಿದೆ. ಲಿಲಿಯ ವೈರಸ್‌ಗಳು ಗಡ್ಡೆಯೊಳಗೆ ಕಣ್ಣಿಗೆ ಕಾಣದಂತೆ ಕುಳಿತು ಪ್ರಯಾಣ ಮಾಡುತ್ತವೆ.

ಆದರೂ ಗಿಡ ಬೆಳೆಸುವ ಆಸೆ ಇರುವವರಿಗೆ ಬೇಡ ಎಂದಷ್ಟೇ ಹೇಳಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಪರವಾನಗಿ ಇರುವ ನರ್ಸರಿಯಿಂದ ಹೆಸರು ಖಚಿತವಾದ ಹುಲಿ ಲಿಲಿ ದೊರೆತರೆ ಒಂದೆರಡು ಮಡಿಗಳಲ್ಲಿ ಬೆಳೆಸಿ ನೋಡಿ. ಮಲೆನಾಡಿನಲ್ಲಿ ಇದರ ಕಾಲ ನಿಮ್ಮ ಬೇರೆ ತರಕಾರಿಗಳ ಕಾಲಕ್ಕೆ ತಿರುವು ಮುರುವು. ಅಕ್ಟೋಬರ್ ಕೊನೆಯಲ್ಲಿ ಮಳೆ ಹಿಂದೆ ಸರಿದ ಮೇಲೆ ನಾಟಿ, ಚಳಿಯ ತಿಂಗಳುಗಳಲ್ಲಿ ಬೆಳವಣಿಗೆ, ಎಲೆ ಹಳದಿಯಾದ ಮೇಲೆ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ಕೀಳುವುದು.

ಮಣ್ಣಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಂದು ಅಡಿ ಎತ್ತರದ ಏರುಮಡಿ ಮಾಡಿ. ಕೆಂಪು ಮಣ್ಣಿಗೆ ಮರಳು, ಎಲೆಗೊಬ್ಬರ, ಎರಡು ವರ್ಷ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಸೇರಿದರೆ ಗಡ್ಡೆ ಕೊಳೆಯುವುದು ಖಚಿತ. ಹುಲಿ ಲಿಲಿಗೆ ಸ್ವಲ್ಪ ಹುಳಿ ಮಣ್ಣು, ರಸಸಾರ (ಪಿಎಚ್) 5.5ರಿಂದ 6.5, ಹಿತ. ಕಾಫಿ ತೋಟದ ಮಣ್ಣಿಗೆ ಇದು ದೂರವಲ್ಲ. ದೊಡ್ಡ ಗಡ್ಡೆಯನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕೆ ನೆಡಬೇಕು. ಏಕೆಂದರೆ ಲಿಲಿಗೆ ಎರಡು ಬಗೆಯ ಬೇರು: ಗಡ್ಡೆಯ ಬುಡದಲ್ಲಿ ಒಂದು ಕಟ್ಟು, ಗಡ್ಡೆಯ ಮೇಲೆ ಮಣ್ಣಿನೊಳಗಿರುವ ಕಾಂಡದ ಭಾಗದಲ್ಲಿ ಇನ್ನೊಂದು ಕಟ್ಟು. ಮೇಲುಮೇಲೆ ನೆಟ್ಟರೆ ಈ ಎರಡನೆಯ ಬೇರುಗಳಿಗೆ ಜಾಗವಿಲ್ಲದೆ ಗಿಡ ಹಸಿದುಕೊಂಡಿರುತ್ತದೆ. ಗಿಡದಿಂದ ಗಿಡಕ್ಕೆ ಒಂದು ಗೇಣು ಅಂತರ ಸಾಕು. ಬುಡಕ್ಕೆ ತರಗೆಲೆ ಹೊದಿಸಿ ತಂಪಾಗಿಡಿ, ತಲೆಗೆ ಬೆಳಗಿನ ಬಿಸಿಲು ಬರಲಿ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗುತ್ತದೆ, ಗಡ್ಡೆ ಮೆತ್ತಗಾಗುತ್ತದೆ; ಬೂದಿ, ಪೊಟ್ಯಾಷ್ ಮಿತವಾಗಿ ಕೊಡಿ. ಸೂಪರ್ ಫಾಸ್ಫೇಟ್ ಬೇಡ. ಅದರಲ್ಲಿರುವ ಫ್ಲೋರೈಡ್ ಅಂಶಕ್ಕೆ ಲಿಲಿಯ ಎಲೆತುದಿಗಳು ಸುಟ್ಟಂತಾಗುತ್ತವೆ.

ಮೊಗ್ಗು ಬಂದಾಗ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಗಡ್ಡೆ ಬೇಕೆಂದರೆ ಮೊಗ್ಗು ಚಿವುಟಬೇಕು. ಹೂವು, ಕಾಯಿಗೆ ಹೋಗುವ ಸತ್ವ ಆಗ ಕೆಳಗಿಳಿದು ಗಡ್ಡೆ ತುಂಬುತ್ತದೆ. ಚೀನಾ, ಜಪಾನಿನ ಬೆಳೆಗಾರರು ಇದನ್ನು ತಪ್ಪದೆ ಮಾಡುತ್ತಾರೆ.

ಸಸ್ಯಾಭಿವೃದ್ಧಿ ಈ ಬೆಳೆಯ ಅತ್ಯಂತ ಸೊಗಸಾದ ಭಾಗ. ಹುಲಿ ಲಿಲಿಯಲ್ಲಿ ಬಹುಪಾಲು ಗಿಡಗಳು ತ್ರಿಗುಣಿತ ವರ್ಣತಂತುಗಳವು, ಅಂದರೆ ಎರಡರ ಬದಲು ಮೂರು ಗುಂಪು ವರ್ಣತಂತುಗಳಿರುವವು, ಆದ್ದರಿಂದ ಬೀಜ ಕಟ್ಟುವುದಿಲ್ಲ. ಅದರ ಬದಲಿಗೆ ಪ್ರತಿ ಎಲೆಯ ಕಂಕುಳಲ್ಲೂ ಕಪ್ಪು-ನೇರಳೆ ಬಣ್ಣದ ಪುಟ್ಟ ಮರಿಗಡ್ಡೆ ಬಿಡುತ್ತದೆ. ಬಲಿತು ಮುಟ್ಟಿದೊಡನೆ ಉದುರುವ ಹೊತ್ತಿಗೆ ಆರಿಸಿ ಬಿತ್ತಿದರೆ ಅದೇ ಬೀಜ. ಇನ್ನೊಂದು ದಾರಿ ಎಸಳಿನದು. ಗಟ್ಟಿಯಾದ, ಕಲೆಯಿಲ್ಲದ ಗಡ್ಡೆಯ ಹೊರಸುತ್ತಿನ ಎಸಳುಗಳನ್ನು ಬುಡದ ಚೂರು ಸಮೇತ ಮುರಿಯಿರಿ, ಒಳಗಿನ ಗಡ್ಡೆಯನ್ನು ಮತ್ತೆ ನೆಡಬಹುದು. ಎಸಳುಗಳನ್ನು ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕಲಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಗಾಯ ಒಣಗಿಸಿ. ತೊಳೆದು ಉಪ್ಪು ತೆಗೆದ ತೆಂಗಿನ ನಾರಿನ ಪುಡಿಯನ್ನು ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವ ಮಾಡಿ, ಅದರೊಂದಿಗೆ ರಂಧ್ರವಿರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, 20ರಿಂದ 25 ಡಿಗ್ರಿ ಇರುವ ಕತ್ತಲ ಮೂಲೆಯಲ್ಲಿಡಿ. ಎರಡು-ಎರಡೂವರೆ ತಿಂಗಳಲ್ಲಿ ಒಂದೊಂದು ಎಸಳಿನ ಬುಡದಲ್ಲೂ ಒಂದೋ ಎರಡೋ ಮೂರೋ ಮರಿಗಡ್ಡೆಗಳು ಮೂಡುತ್ತವೆ. ಆಮೇಲೆ ಚೀಲವನ್ನು ಹಾಗೆಯೇ ಫ್ರಿಜ್ಜಿನ ಕೆಳಖಾನೆಯಲ್ಲಿ ಎಂಟರಿಂದ ಹತ್ತು ವಾರ ಇಟ್ಟರೆ ಅವುಗಳ ಚಳಿಗಾಲ ಮುಗಿದಂತೆ. ಅದೇ ಖಾನೆಯಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಮಾಗುವ ಹಣ್ಣಿನ ಎಥಿಲೀನ್ ಅನಿಲ ಮೊಳಕೆಯನ್ನು ಕೆಡಿಸುತ್ತದೆ. ಮೊದಲ ವರ್ಷ ಒಂದೋ ಎರಡೋ ಎಲೆ ಮಾತ್ರ ಬರುತ್ತದೆ. ಎರಡನೆಯ ವರ್ಷ ಕಾಂಡ ಏಳುತ್ತದೆ. ತಿನ್ನುವ ಗಾತ್ರಕ್ಕೆ ಮೂರು ವರ್ಷಕ್ಕಿಂತ ಕಡಿಮೆ ಲೆಕ್ಕ ಹಾಕಬೇಡಿ.

ಎಲೆಗಳಲ್ಲಿ ತಿಳಿ-ದಟ್ಟ ಪಟ್ಟೆಗಳು ಕಂಡು ಗಿಡ ಕುಗ್ಗಿದರೆ ಅದು ವೈರಸ್. ಸಸ್ಯಹೇನುಗಳಿಂದ ಹರಡುತ್ತದೆ, ಔಷಧವಿಲ್ಲ, ಗಿಡ ಕಿತ್ತು ಸುಡಬೇಕು. ಎಲೆಯ ಮೇಲೆ ಅಂಡಾಕಾರದ ಕಂದು ಮಚ್ಚೆಗಳು ಬೊಟ್ರೈಟಿಸ್ ಬೂಷ್ಟಿನವು. ಸಂಜೆ ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ, ಗಾಳಿ ಆಡುವಂತೆ ಮಾಡಿದರೆ ತಗ್ಗುತ್ತದೆ. ಒಮ್ಮೆ ಬೆಳೆದ ಮಡಿಯಲ್ಲಿ ಮತ್ತೆ ಲಿಲಿ ಹಾಕಬೇಡಿ.

ಮನೆಯಲ್ಲಿ ಬೆಕ್ಕು ಇದ್ದರೆ ಈ ಪ್ರಯೋಗವನ್ನೇ ಕೈಬಿಡಿ. ಮನುಷ್ಯರು ತಿನ್ನುವ ಇದೇ ಲಿಲಿಯಮ್ ಬೆಕ್ಕುಗಳಿಗೆ ಘೋರ ವಿಷ. ಎಲೆ, ಹೂವು, ಪರಾಗ ಯಾವುದನ್ನು ನೆಕ್ಕಿದರೂ ಎರಡು-ಮೂರು ದಿನಗಳಲ್ಲಿ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಹೂದಾನಿಯ ನೀರು ಕುಡಿದರೂ ಅಪಾಯವಿದೆ.

ಮೂಲಿಕೆ ಬೆಳೆಯಲೇಬೇಕೆಂದಿದ್ದರೆ ಆ ಅರ್ಧ ಎಕರೆಗೆ ಶತಾವರಿಯನ್ನು ಪರಿಗಣಿಸಿ. ನಿಮ್ಮ ಕಡೆಯ ಕಾಡಂಚಿನಲ್ಲಿ ತಾನಾಗಿ ಬೆಳೆಯುವ ಗಿಡ ಅದು, ನೆಲ ನೀರು ಬಸಿಯುವಂತಿದ್ದರೆ ಮರದ ತೆಳು ನೆರಳಿನಲ್ಲೂ ಬರುತ್ತದೆ, ಆಯುರ್ವೇದ ಕಂಪನಿಗಳ ಬೇಡಿಕೆಯೂ ಇದೆ. ನಾಟಿಗೆ ಮೊದಲೇ ಕೊಳ್ಳುವವರೊಂದಿಗೆ ಮಾತಾಡಿ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಕೊನೆಗೆ ಮಗಳು ತಂದ ಪೊಟ್ಟಣ. ಎಸಳುಗಳು ಮಾಸಲು ಬಿಳಿ ಅಥವಾ ತಿಳಿ ಹಳದಿಯಾಗಿದ್ದರೆ ಒಳ್ಳೆಯದು. ಕಾಗದದಷ್ಟು ಬೆಳ್ಳಗಿದ್ದು ಮೂಗಿಗೆ ಹುಳಿ-ಘಾಟು ಹೊಡೆದರೆ ಗಂಧಕದ ಹೊಗೆ ಹಾಕಿದ್ದಾರೆ ಎಂದು ತಿಳಿಯಿರಿ, ಬಿಸಾಡಿ. ಆಸ್ತಮಾ ಇರುವವರಿಗೆ ಆ ಗಂಧಕದ ಉಳಿಕೆಯೇ ಕೆಮ್ಮು ತರಿಸಬಲ್ಲದು. ಚೆನ್ನಾಗಿದ್ದರೆ, ಯಜಮಾನರ ಪರೀಕ್ಷೆಗಳು ಮುಗಿದು ವೈದ್ಯರು ಬೇಡವೆನ್ನದಿದ್ದರೆ, ಒಬ್ಬರಿಗೆ ಹತ್ತು ಗ್ರಾಂ ಅಳತೆಯಲ್ಲಿ ತೆಗೆದು ರಾತ್ರಿ ನೆನೆಸಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಮೆತ್ತಗೆ ಬೇಯಿಸಿ, ಕಲ್ಲುಸಕ್ಕರೆ ಹಾಕಿ ಗಂಜಿಯಂತೆ ಕುಡಿಯಲಿ. ಮಧುಮೇಹವಿದ್ದರೆ ಸಕ್ಕರೆ ಬಿಡಿ, ಗಡ್ಡೆಯ ಪಿಷ್ಟವನ್ನೂ ಊಟದ ಲೆಕ್ಕಕ್ಕೆ ಸೇರಿಸಿ. ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ, ಪುಟ್ಟ ಮಕ್ಕಳಿಗೆ ಔಷಧದ ಪ್ರಮಾಣದಲ್ಲಿ ಕೊಡಬೇಡಿ. ಮೊದಲ ಸಲ ಸ್ವಲ್ಪವೇ ತಿಂದು, ತುಟಿ ತುರಿಕೆ, ಹೊಟ್ಟೆ ತೊಳಸುವುದು ಇಲ್ಲವೆಂದು ನೋಡಿಕೊಳ್ಳಿ. ಉಳಿದದ್ದನ್ನು ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ನಿಮ್ಮ ಮಳೆಗಾಲದ ತೇವಕ್ಕೆ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಕಪ್ಪು ಅಥವಾ ಹಸಿರು ಚುಕ್ಕೆ ಕಂಡರೆ ತೊಳೆದು ಬಳಸಲು ಹೋಗಬೇಡಿ, ಇಡೀ ಭರಣಿಯನ್ನು ಚೆಲ್ಲಿಬಿಡಿ.